ಮೂಗ ಹಿಡದ್ರ

ಹುಬ್ಬಳ್ಳಿ ಪ್ಯಾಸೆಂಜರ್‌ನ್ಯಾಗ ಬರೇ ಕೈಲೆ ಹೋದೆ,
ಬರುವಾಗ ತೊಡಿ ಮ್ಯಾಲ ಎರಡೂವರಿ ಕಿಲೋ ಕಬ್ಬಿಣ,
ಹಳೇ ಟವೆಲ್‌ನ್ಯಾಗ ಸುತ್ತಿದ್ದು.
ಎದರಿನ ಸೀಟಿನ ಮುದುಕಿ ಕೇಳಿದ್ಲು: ಕೂಸಿಗೆ ಎಷ್ಟು ತಿಂಗಳ?
ಮೊಳಿ ಹೊಡಿಯೂ ಮಶಿನ್ರೀ, ಅಂದೆ.
ಕಿಟಕಿ ಕಡೆ ಸರದು ಕುಂತ್ಲು.

ಗಣೇಶಪೇಟಿ ಹಿಂದಿನ ಓಣಿ. ಮಕ್ತುಮಸಾಬನ ಅಂಗಡಿ
ಅಂದ್ರ ಅಂಗಡಿ ಅಲ್ಲ, ಮೂರು ಪಾವಟಿಗಿ, ಒಂದು ಗೋಣಿತಟ್ಟು,
ಅದರ ಮ್ಯಾಲ ಹಲ್ಲು ಉದುರಿದ ಗರಗಸ, ಸತ್ತ ಡ್ರಿಲ್ಲು,
ಯಾವ ಫ್ಯಾಕ್ಟರಿ ಮುಚ್ಚಿದಾಗೋ ಬಂದ ಸಾಮಾನು.
ಇದು ಸೆಕೆಂಡ್ ಹ್ಯಾಂಡ್ ಅಲ್ಲಕ್ಕಾ, ರೀಕಂಡೀಶನ್, ಅಂದ.
ಸೆಕೆಂಡ್ ಹ್ಯಾಂಡ್ ಅಂದ್ರ ಬರೇ ಕೈ ಬದಲಾಗಿದ್ದು.
ಇದನ್ನ ನಾ ಬಿಚ್ಚೇನಿ, ಚಿಮಣಿ ಎಣ್ಣಿಲೆ ತೊಳದೇನಿ,
ಒಳಗಿನ ರಬ್ಬರ್ ಉಂಗರ ಎಲ್ಲಾ ಹೊಸಾವು.
ಸ್ಪ್ರಿಂಗ್ ಮಾತ್ರ ಇನ್ನೊಂದು ಮಶಿನ್ನಿಂದು,
ಅದು ತೀರಿಕೊಂಡೈತಿ.
ಗ್ಯಾರಂಟಿ?
ಈ ಪಾವಟಿಗಿ ಇಳಿಯೂತನಕ, ಅಂದು ನಕ್ಕ.
ಆಮ್ಯಾಲ ನಗೋದು ಬಿಟ್ಟು ಫೋನ್ ನಂಬರ್ ಬರದುಕೊಟ್ಟ
ಮೊಳಿ ಪಾಕೀಟಿನ ಮ್ಯಾಲ.

ನಾಲ್ಕೂವರಿ ಸಾವಿರ ಅಂದ. ಮೂರು ಅಂದೆ.
ಚಾ ಬಂತು.
ಮೂರು ಸಾವಿರದ ಎಂಟನೂರಕ್ಕ ಬರೂದರಾಗ ಚಾ ಆರಿತ್ತು.

ಹಿಡಿಕಿಗೆ ಸೈಕಲ್ ಟ್ಯೂಬ್ ಸುತ್ತಿತ್ತು,
ಹೆಬ್ಬಟ್ಟು ಕೂಡೂ ಕಡೆ ಸವದು ತಗ್ಗು.
ಎಡಗೈ ಮನಿಷ್ಯಾಂದು.
ಯಾರದು ಅಂತ ಕೇಳಲಿಲ್ಲ.
ನಂದೂ ಎಡಗೈನ.

ಇಪ್ಪತ್ತೆರಡು ವರ್ಷ ಗದಗಿನ ಪ್ರೆಸ್ಸಿನ್ಯಾಗ
ಪಂಚಾಂಗದ ಬೆನ್ನಿಗೆ, ಗೈಡಿನ ಬೆನ್ನಿಗೆ,
ಸೊಸೈಟಿ ಪಾಸ್‌ಬುಕ್ಕಿನ ಬೆನ್ನಿಗೆ
ಕಾಲಲೆ ಒತ್ತಿ ತಂತಿ ಹೊಡದಾಕಿ ನಾ.
ಹಿಂಗಾಗಿ ಬಡಿಗ್ಯಾರ ಮೌನೇಶಪ್ಪ
ದೀಪಾವಳಿ ಆದ ಮ್ಯಾಲ ನೋಡೂನು ಅಂದಾಗ,
ಯಾವ ದೀಪಾವಳಿ ಅನ್ನೂದು ಹೇಳದ ಹೋದಾಗ,
ಹೊಡಿಯೂದು ತಾನ, ಅಂದಕೊಂಡೆ,
ಹಾಳಿ ಬದಲಿ ತಗಡು.

ಬೆಟಗೇರಿ. ಹಿತ್ತಲ ಖೋಲಿ.
ಮಣ್ಣಿನ ಮ್ಯಾಳಗಿ ಇಳಿಸಿ ರೀಪು ಕುಂಡ್ರಿಸಿ ತಿಂಗಳಾಗಿತ್ತು,
ಖೋಲಿ ಎಲುಬು ತೋರಿಸಿಕೊಂಡು ನಿಂತಿತ್ತು.
ಪಂಕ್ಚರ್ ಅಂಗಡಿ ರಾಜೇಸಾಬ
ಕಂಪ್ರೆಸರಿನ ಪೈಪು ಗ್ವಾಡಿ ಮ್ಯಾಲಿಂದ ಒಗದ:
ಗಾಳಿ ದೇವರದು, ಕರೆಂಟ್ ಬಿಲ್ ನಿಂದು.

ಏಣಿ ಹತ್ತಿ ಕುದರಿ ಅಮುಕಿದೆ. ಸುಮ್ಮನ.
ಮತ್ತ ಅಮುಕಿದೆ. ಮೂರು ಸಾವಿರದ ಎಂಟನೂರು, ಸುಮ್ಮನ.
ಕೆಳಗ ನೆಗೆಣ್ಣಿ ಸಾತವ್ವ ಏನೂ ಅನ್ನಲಿಲ್ಲ,
ಅನ್ನದ ಇರೂದನ್ನ ಎಲ್ಲಾರಿಗೂ ಕೇಳೂ ಹಂಗ.
ಫೋನ್ ಹಚ್ಚಿದೆ. ಮಕ್ತುಮಸಾಬ ಊಟಕ್ಕ ಕುಂತಿದ್ದ,
ಬಾಯಾಗ ತುತ್ತು ಇಟಗೊಂಡ ಹೇಳಿದ:
ಅದರ ಮೂಗು ತಗಡಿಗೆ ಒತ್ತರಿ ಅಕ್ಕಾ, ಗಟ್ಟಿ.
ಮೂಗ ಹಿಡದ್ರನ ಬಾಯಿ ತಗಿಯೂದು.

ಠಪ್.
ರಾಜೇಸಾಬನ ಅಂಗಡಿ ಮುಂದಿನ ನಾಯಿ ಎದ್ದು ನಿಂತು
ಯಾರಿಗೆ ಬೊಗಳಬೇಕು ತಿಳೀದ ಮಕ್ಕೊಂತು.
ಠಪ್. ಠಪ್.
ಎಡಗೈಗೆ ಎಡಗೈ ತಗ್ಗು ಸಿಕ್ಕಿತು,
ಭುಜಕ್ಕ ಹಳೇ ಪ್ರೆಸ್ಸಿನ ತಾಳ.
ಸಂಜೀಗೆ ಏಳು ತಗಡು ಮುಗದು,
ಮರುದಿನ ಪಡುವಲ ಕಡೆ ಹಲಗಿ ಗ್ವಾಡಿ.
ಕಾಗದದ ಬಂಡಲ್ ಬಂದಿದ್ದ ಪೆಟಗಿ ಹಲಗಿ ಅವು,
ತೊಯ್ಸಬ್ಯಾಡ್ರಿ ಅಂತ ಕರೇ ಛತ್ರಿ ಗುರ್ತಿನವು.
ಛತ್ರಿ ಎಲ್ಲಾ ಹೊರಗ ಬರೂ ಹಂಗ ಹೊಡದೆ,
ಒಂದೆರಡು ತಲಿಕೆಳಗಾಗ್ಯಾವು.
ಮಳಿಗೆ ಓದಾಕ ಬಂದ್ರ ಓದಲಿ.

ಒಂದು ಮೊಳಿ ತಪ್ಪಿತ್ತು. ಹೇಳೂದು ಬಿಟ್ಟಿದ್ದೆ.
ಐದನೇ ತಗಡು, ರೀಪಿನಿಂದ ನಾಲ್ಕು ಬೆರಳು ಈಚೆ.
ಕಿತ್ತೆ. ತೂತು ಉಳೀತು.
ಮಧ್ಯಾಹ್ನದಾಗ ಅದರಿಂದ ಎಂಟಾಣೆಯಷ್ಟು ಬಿಸಲು
ನೆಲಕ್ಕ ಬಿದ್ದು ಮೆಲ್ಲಕ ಸರೀತೈತಿ,
ಹಳೇ ಮ್ಯಾಳಗಿಯ ಬೆಳಕಿಂಡಿ ಇದ್ದದ್ದು ಬಾಜೂಕನ.
ಸಾತವ್ವ ಮಾತಿಲ್ಲದ ಮರ ತಂದು
ಅದರ ಬುಡಕ ಇಟಗೊಂಡು ಅಕ್ಕಿ ಆರಸಾಕ ಹತ್ಯಾಳ,
ಬಿಸಲು ಸರದಂಗ ತಾನೂ ಸರಕೊಂತ.

ಎಂ-ಸೀಲ್‌ಗೆ ಮೂವತ್ತು ರೂಪಾಯಿ.
ನಾಳೆ ತರತೇನಿ.
ನಾಳೆ ಐತವಾರ, ಅಂಗಡಿ ಇರೂದಿಲ್ಲ.